ಅಪ್ಪನ ಕಾರು ವರ್ಷಕ್ಕೆ 4,000 ಕಿಮೀ ಕೂಡ ಓಡಲ್ಲ. ಆದರೂ ಪ್ರತಿ ವರ್ಷ ಸರ್ವೀಸ್ ಬೇಕಾ?

ಶರಾವತಿ_ತೀರ

ನಮಸ್ಕಾರ. ಮನೆಯಲ್ಲಿ ಜಗಳ ನಡೆಯುತ್ತಿದೆ, ನೀವೇ ಪಂಚಾಯಿತಿ ಮಾಡಿ.

ಅಪ್ಪ ಅಮ್ಮ ಇರುವುದು ಸಾಗರದ ಹತ್ತಿರ ಹಳ್ಳಿಯಲ್ಲಿ. ಕಾರು 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ, ಬರೆದರೆ ಚರ್ಚೆ ಯಾವ ದಿಕ್ಕಿಗೆ ಹೋಗುತ್ತೆ ಅಂತ ಗೊತ್ತಲ್ಲ. ಮೀಟರ್ ಇನ್ನೂ 27 ಸಾವಿರ ಮುಟ್ಟಿಲ್ಲ. ವಾರಕ್ಕೆ ಒಂದೆರಡು ಸಲ ಪೇಟೆಗೆ, ವರ್ಷಕ್ಕೊಮ್ಮೆ ಕೊಲ್ಲೂರಿಗೆ. ಉಳಿದ ದಿನ ಕೊಟ್ಟಿಗೆ ಪಕ್ಕದ ಶೆಡ್‌ನಲ್ಲಿ ನಿಂತಿರುತ್ತೆ. ಮಳೆಗಾಲದಲ್ಲಂತೂ ವಾರಗಟ್ಟಲೆ ಹೊರಗೇ ತೆಗೆಯಲ್ಲ.

ಈಗ ಸರ್ವೀಸ್ ಸೆಂಟರ್‌ನಿಂದ ಫೋನ್. ಎಸ್ಟಿಮೇಟ್ 13,800 ರೂಪಾಯಿ. ಅದರಲ್ಲಿ ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಸಿ ಫಿಲ್ಟರ್, ಬ್ರೇಕ್ ಆಯಿಲ್, ಬ್ರೇಕ್ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನಿಂಗ್, ಇಂಜಿನ್ ಡೆಕಾರ್ಬನೈಸಿಂಗ್ (ಒಳಗಿನ ಮಸಿ ತೆಗೆಯುವುದು), ಎಸಿ ಸ್ಯಾನಿಟೈಸಿಂಗ್, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಬಾಡಿ ಪಾಲಿಶ್, ಇನ್ನೂ ಏನೇನೋ.

ಅಪ್ಪನ ವಾದ ಒಂದೇ: "ಓಡದ ಗಾಡಿಗೆ ಎಂತ ಸರ್ವೀಸು? ಹಾಕಿದ ಆಯಿಲ್ ಹಾಗೇ ಉಂಟಲ್ಲ!" ಹೋದ ವರ್ಷವೂ ಇದೇ ಹೇಳಿ ತಪ್ಪಿಸಿದ್ದಾರೆ. 10 ಸಾವಿರ ಕಿಮೀ ಆಗಲಿ, ಆಮೇಲೆ ನೋಡೋಣ ಅನ್ನುತ್ತಾರೆ. ಸರಿನಾ? ಈ ಪಟ್ಟಿಯಲ್ಲಿ ಯಾವುದು ನಿಜವಾಗಿ ಬೇಕು, ಯಾವುದು ಸುಮ್ನೆ ಬಿಲ್ ಉಬ್ಬಿಸೋಕೆ?

ಜವಾರಿ_ಹುಬ್ಬಳ್ಳಿ

ನಿಮ್ಮ ಅಪ್ಪ ಶಾಣ್ಯಾ ಮನುಷ್ಯ. ಅವರ ಮಾತು ಕೇಳ್ರಿ, ದುಡ್ಡು ಉಳಿಸ್ರಿ.

ಗ್ರೀಸ್_ಕೈ

ಅಯ್ಯೋ, ಹಾಗೆಲ್ಲ ಹೇಳಬೇಡಿ ಹುಬ್ಬಳ್ಳಿ ಅಣ್ಣ. ನಾನು ತೀರ್ಥಹಳ್ಳಿ ಕಡೆ ಗ್ಯಾರೇಜ್ ಇಟ್ಟಿದ್ದೇನೆ. ನನ್ನ ಹತ್ತಿರ ಬರುವ ಗಾಡಿಗಳಲ್ಲಿ ತಲೆನೋವು ಕೊಡುವುದು ಟ್ಯಾಕ್ಸಿಗಳಲ್ಲ, ಇಂಥ "ಓಡದ" ಗಾಡಿಗಳೇ.

ಸರ್ವೀಸ್ ಪುಸ್ತಕ ತೆಗೆದು ನೋಡಿ. 10,000 ಕಿಮೀ ಅಥವಾ 1 ವರ್ಷ, ಯಾವುದು ಮೊದಲೋ ಅದು ಅಂತ ಇರುತ್ತೆ. ಆ "ಅಥವಾ 1 ವರ್ಷ" ಅನ್ನುವುದು ನಿಮ್ಮ ತಂದೆಯವರಂಥವರಿಗೇ ಬರೆದದ್ದು. ಮನೆಯಿಂದ ಪೇಟೆಗೆ ಐದಾರು ಕಿಮೀ ಹೋಗಿ ಬಂದರೆ ಇಂಜಿನ್ ಸರಿಯಾಗಿ ಬಿಸಿಯೇ ಆಗಲ್ಲ. ಒಳಗೆ ನೀರಿನ ಪಸೆ ನಿಲ್ಲುತ್ತೆ, ಸ್ವಲ್ಪ ಪೆಟ್ರೋಲ್ ಕೂಡ ಆಯಿಲ್‌ಗೆ ಸೇರುತ್ತೆ. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿದರೆ ಅದೆಲ್ಲ ಆವಿಯಾಗಿ ಹೋಗುತ್ತೆ. ಇಲ್ಲಿ ಹೋಗೋಕೆ ಅವಕಾಶವೇ ಇಲ್ಲ.

ಈಗ ಒಂದು ಕೆಲಸ ಮಾಡಿಸಿ. ಅಪ್ಪನ ಹತ್ತಿರ ಬಾನೆಟ್ ಎತ್ತಿಸಿ, ಇಂಜಿನ್ ಮೇಲಿನ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಭಾಗದ ಫೋಟೊ ಕಳಿಸೋಕೆ ಹೇಳಿ. ಕಂದು ಬಣ್ಣದ ತೆಳು ಪದರ ಇದ್ದರೆ ಸರಿ. ಕಡೆದ ಬೆಣ್ಣೆ ಥರ ಬಿಳಿಹಳದಿ ಲೇಪ ಇದ್ದರೆ ಅದು ನೀರು ಮತ್ತು ಆಯಿಲ್ ಸೇರಿ ಆದದ್ದು. ಹಾಗಂತ ಅದನ್ನು ನೋಡಿದ ಕೂಡಲೇ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಣ್ಣಗಿಡುವ ಕೂಲೆಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಸೀಲ್) ಹೋಯಿತು ಅಂತ ಗಾಬರಿ ಬೇಡ. ಕೂಲೆಂಟ್ ಕಮ್ಮಿ ಆಗುತ್ತಿಲ್ಲ ಅಂದರೆ ಬರೀ ಸಣ್ಣ ಓಡಾಟದ ಫಲ.

ಲೆಕ್ಕದ_ಮೇಷ್ಟ್ರು

ಗ್ರೀಸ್_ಕೈ ಹೇಳಿದ್ದಕ್ಕೆ ಸ್ವಲ್ಪ ರಸಾಯನಶಾಸ್ತ್ರ ಸೇರಿಸುತ್ತೇನೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತೆ. ನಂಬಿಕೆ ಬರಲ್ಲ ಅಲ್ವಾ? ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರುತ್ತೆ, ಹಾಗಾಗಿ ತೂಕ ಜಾಸ್ತಿ. ಬಹುಪಾಲು ಸೈಲೆನ್ಸರ್‌ನಿಂದ ಆವಿಯಾಗಿ ಹೊರಟುಹೋಗುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ತುದಿಯಲ್ಲಿ ಹನಿ ಬೀಳುವುದು ಅದೇ. ಪೈಪ್ ಬಿಸಿಯಾಗುವ ಮೊದಲೇ ಗಾಡಿ ಆಫ್ ಮಾಡಿದರೆ ಆ ನೀರು ಸೈಲೆನ್ಸರ್ ಒಳಗೇ ನಿಂತು ತುಕ್ಕು ಹಿಡಿಸುತ್ತೆ.

ಕೊಪ್ಪದ_ಕಾಫಿ

ಅಂದ್ರೆ ನಮ್ಮ ಊರಲ್ಲಿ ಮೇಲಿಂದಲೂ ನೀರು, ಸೈಲೆನ್ಸರ್‌ನಿಂದಲೂ ನೀರು.

ಹಳೇ_ಸ್ಟೇರಿಂಗ್

ಮಕ್ಕಳೇ, ನೀವೆಲ್ಲ ಕಾರನ್ನು ಹಸುಗೂಸು ಮಾಡಿದ್ದೀರಿ. ನಾವು ಅಂಬಾಸಡರ್ ಓಡಿಸುತ್ತಿದ್ದ ಕಾಲದಲ್ಲಿ ಸರ್ವೀಸ್ ಸೆಂಟರೂ ಇಲ್ಲ, ಜ್ಞಾಪಿಸೋಕೆ ಫೋನೂ ಇಲ್ಲ. ಗಾಡಿ ಕೆಟ್ಟರೆ ರಿಪೇರಿ, ಇಲ್ಲದಿದ್ದರೆ ಇಲ್ಲ. ಓಡಲಿಲ್ವಾ?

ಗ್ರೀಸ್_ಕೈ

ಓಡಿತು ಸರ್, ಆದರೆ ಹೇಗೆ ಓಡಿತು? ನನ್ನ ಗುರುಗಳ ಗ್ಯಾರೇಜಿನಲ್ಲಿ ಅಂಬಾಸಡರ್‌ಗೆ ಗ್ರೀಸ್ ಗನ್ ಹಿಡಿದು ನಿಪ್ಪಲ್ ನಿಪ್ಪಲ್‌ಗೂ ಗ್ರೀಸ್ ತುಂಬುತ್ತಿದ್ದೆವು. ಪಾಯಿಂಟ್ ಗ್ಯಾಪ್ ನೋಡಬೇಕು, ಕಾರ್ಬ್ಯುರೇಟರ್ ಟ್ಯೂನ್ ಮಾಡಬೇಕು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಆಗ ಡ್ರೈವರ್‌ಗಳು ಬೆಳಗ್ಗೆ ಎದ್ದು ಮೊದಲು ಬಾನೆಟ್ ಎತ್ತುತ್ತಿದ್ದರು. ಈಗಿನ ಗಾಡಿಗೆ ಅಷ್ಟು ಬೇಡ, ವರ್ಷಕ್ಕೊಮ್ಮೆ ಸಾಕು. ಆ ಒಂದು ಸಲವೂ ಬೇಡ ಅಂದರೆ ಹೇಗೆ?

ಹಳೇ_ಸ್ಟೇರಿಂಗ್

ಅದು ನಿಜ. ರೇಡಿಯೇಟರ್ ನೀರು ನೋಡದೆ ನಾನೂ ಘಾಟಿ ಹತ್ತುತ್ತಿರಲಿಲ್ಲ. ಆದರೂ ಹದಿಮೂರು ಸಾವಿರ ಅನ್ಯಾಯ.

ಸಿಲ್ಕ್‌ಬೋರ್ಡ್_ಸಂತ್ರಸ್ತೆ

ಕಿಮೀ ಲೆಕ್ಕ ಬೆಂಗಳೂರಿಗೂ ಹೊಂದಲ್ಲ. ಎಚ್‌ಎಸ್‌ಆರ್‌ನಿಂದ ನನ್ನ ಆಫೀಸ್ ಹತ್ತಿರವೇ, ಆದರೆ ಸಂಜೆ ಒಂದು ಗಂಟೆ ಆಗುತ್ತೆ. ಮೀಟರ್ ನಿಂತಲ್ಲೇ, ಇಂಜಿನ್ ಮಾತ್ರ ಓಡುತ್ತಲೇ ಇರುತ್ತೆ. ಪುಸ್ತಕದಲ್ಲಿ "ಕಠಿಣ ಬಳಕೆ" ಅಂತ ಒಂದು ಪುಟ ಇರುತ್ತೆ, ಯಾರೂ ಓದಲ್ಲ. ಸಣ್ಣ ದೂರ, ನಿಂತು ನಿಂತು ಓಡುವ ಟ್ರಾಫಿಕ್, ಧೂಳು, ಘಾಟಿ, ಎಲ್ಲ ಅದರಲ್ಲೇ ಬರುತ್ತೆ. ಅಂಥ ಗಾಡಿಗೆ ಆಯಿಲ್ ಇನ್ನೂ ಬೇಗ ಬದಲಾಯಿಸಿ ಅಂತಾರೆ.

ಜವಾರಿ_ಹುಬ್ಬಳ್ಳಿ

ಆಯ್ತು ಬಿಡ್ರಿ, ಆಯಿಲ್ ಒಪ್ಪಿದೆ. ಆದರೆ ಡೆಕಾರ್ಬನೈಸಿಂಗ್, ಇಂಜೆಕ್ಟರ್ ಕ್ಲೀನಿಂಗ್, ಇವು ಯಾತಕ್ಕ? 27 ಸಾವಿರಕ್ಕೆ?

ಹಳೆ_ಅಡ್ವೈಸರ್

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಹಿಂದೆ ಒಂದು ಸರ್ವೀಸ್ ಸೆಂಟರ್‌ನಲ್ಲಿ ಅಡ್ವೈಸರ್ ಆಗಿದ್ದೆ. ಯಾವುದು ಅಂತ ಕೇಳಬೇಡಿ.

ಆಯಿಲ್, ಫಿಲ್ಟರ್ ಇವು ಕಂಪನಿಯ ವೇಳಾಪಟ್ಟಿಯಲ್ಲಿ ಇರುವ ಕೆಲಸ. ಡೆಕಾರ್ಬ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಸ್ಯಾನಿಟೈಸಿಂಗ್, ಪಾಲಿಶ್ ಇವನ್ನು ನಾವು "ವ್ಯಾಲ್ಯೂ ಆ್ಯಡೆಡ್" ಅನ್ನುತ್ತಿದ್ದೆವು. ತಿಂಗಳಿಗೆ ಇಂತಿಷ್ಟು ಮಾರಬೇಕು ಅಂತ ಟಾರ್ಗೆಟ್ ಇತ್ತು. ಗಾಡಿ ಜರ್ಕ್ ಹೊಡೆಯುತ್ತಿದೆ, ಐಡಲ್ ಏರಿಳಿಯುತ್ತಿದೆ ಅಂತ ದೂರು ಇದ್ದರೆ ಇಂಜೆಕ್ಟರ್, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸುವುದರಲ್ಲಿ ಅರ್ಥ ಇದೆ. ಚೆನ್ನಾಗಿ ಓಡುವ ಗಾಡಿಗೆ ಬೇಡ.

ಗಾಡಿ ಬಿಡುವಾಗ ಮೂರು ಮಾತು ಹೇಳಿ. ಪುಸ್ತಕದಲ್ಲಿ ಈ ವರ್ಷಕ್ಕೆ ಬರೆದಿರುವುದು ಮಾತ್ರ ಮಾಡಿ. ಬೇರೆ ಏನೇ ಕಂಡರೂ ಫೋನ್ ಮಾಡಿ ಕೇಳದೆ ಕೈ ಹಾಕಬೇಡಿ. ತೆಗೆದ ಹಳೆ ಪಾರ್ಟ್ ಡಿಕ್ಕಿಯಲ್ಲಿ ಇಡಿ. ಇದನ್ನು ಜಾಬ್ ಕಾರ್ಡ್‌ನಲ್ಲಿ (ಮಾಡಬೇಕಾದ ಕೆಲಸ ಬರೆದುಕೊಳ್ಳುವ ಹಾಳೆ) ಬರೆಸಿಯೇ ಸಹಿ ಹಾಕಿ. ಬಾಯಿ ಮಾತಿಗೆ ಅಲ್ಲಿ ಬೆಲೆ ಇಲ್ಲ. ಜಗಳ ಆಡುವ ಅಗತ್ಯವೂ ಇಲ್ಲ, ಇಷ್ಟು ಹೇಳುವ ಗಿರಾಕಿಗೆ ನಾವು ಸ್ಯಾನಿಟೈಸಿಂಗ್ ಮಾತೇ ಎತ್ತುತ್ತಿರಲಿಲ್ಲ.

ಶರಾವತಿ_ತೀರ

ಇದು ಬಹಳ ಉಪಯೋಗ ಆಯಿತು ಸರ್. ಬ್ರೇಕ್ ಆಯಿಲ್ ಯಾವ ಗುಂಪು? ಅಪ್ಪ ಅದನ್ನೇ ಮೊದಲು ಹೊಡೆದು ಹಾಕಿದ್ದಾರೆ. ಲೆವೆಲ್ ಸರಿಯಾಗಿದೆ, ಮತ್ಯಾಕೆ ಬದಲಾಯಿಸಬೇಕು ಅಂತ.

ಗ್ರೀಸ್_ಕೈ

ಅದನ್ನು ಮಾತ್ರ ಬಿಡಬೇಡಿ. ಬ್ರೇಕ್ ಆಯಿಲ್ ಕಮ್ಮಿ ಆಗುವ ಪ್ರಶ್ನೆಯಲ್ಲ, ಅದು ಗಾಳಿಯಿಂದ ನೀರು ಹೀರುತ್ತೆ. ಗಾಡಿ ಓಡಲಿ ಬಿಡಲಿ, ಹೀರುತ್ತಲೇ ಇರುತ್ತೆ. ಅದಕ್ಕೇ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು.

ಡಾಟ್ 3, ಡಾಟ್ 4 ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಲ್ಲ. ನೀರು ಹೀರಿದ ಮೇಲೆ ಅದು 140ಕ್ಕೆ ಇಳಿಯಬಹುದು. ಡಾಟ್ 4 ಆದರೆ 230 ಮತ್ತು 155. ಪೇಟೆಗೆ ಹೋಗಿ ಬರುವವರಿಗೆ ಇದು ಗೊತ್ತೇ ಆಗಲ್ಲ. ಆದರೆ ನೀವು ಕೊಲ್ಲೂರು ಅಂದಿರಿ. ನಾಗೋಡಿ ಘಾಟಿ ಇಳಿಯುವಾಗ ಮನೆಮಂದಿಯೆಲ್ಲ ಕೂತು, ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟರೆ ಚಕ್ರದ ಹತ್ತಿರದ ಆಯಿಲ್ ಕುದಿಯುತ್ತೆ. ಕುದಿದರೆ ಆವಿ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತೆ, ಬ್ರೇಕ್‌ಗೆ ಒತ್ತಡ ಹೋಗಲ್ಲ. ಪೆಡಲ್ ಸೀದಾ ನೆಲಕ್ಕೆ.

ಆಗುಂಬೆ_ತಿರುವು

ಘಾಟಿ ಬಗ್ಗೆ ನಾನೂ ಒಂದು ಮಾತು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಆಗುಂಬೆಯ 14 ತಿರುವುಗಳಲ್ಲಿ ಕೆಳಗೆ ಬರುವಾಗ ನ್ಯೂಟ್ರಲ್ ಹಾಕಿ "ಪೆಟ್ರೋಲ್ ಉಳಿಸುವ" ಜಾಣರನ್ನು ನೋಡಿದ್ದೇನೆ. ಉಳಿಯುವುದೂ ಇಲ್ಲ. ಗೇರಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಈಗಿನ ಗಾಡಿಗಳು ಪೆಟ್ರೋಲ್ ಪೂರ್ತಿ ಕಟ್ ಮಾಡುತ್ತವೆ, ನ್ಯೂಟ್ರಲ್‌ನಲ್ಲಿ ಇಂಜಿನ್ ಐಡಲ್ ಆಗೋಕೆ ಪೆಟ್ರೋಲ್ ಬೇಕೇ ಬೇಕು. ಕೆಳಗೆ ಸೋಮೇಶ್ವರ ಮುಟ್ಟಿದಾಗ ಅಂಥವರ ಚಕ್ರದಿಂದ ಸುಟ್ಟ ವಾಸನೆ.

ರೇಸರ್_ಗುರು

ಹಾಗಾದ್ರೆ ಡಾಟ್ 5 ಹಾಕಿಸಿಬಿಡಿ, ನಂಬರ್ ಜಾಸ್ತಿ ಇದ್ದಷ್ಟೂ ಒಳ್ಳೇದು.

ಗ್ರೀಸ್_ಕೈ

ದಯವಿಟ್ಟು ಬೇಡ! ಡಾಟ್ 5 ಸಿಲಿಕೋನ್‌ನದ್ದು. ಡಾಟ್ 3, 4ರ ಜೊತೆ ಬೆರೆಯಲ್ಲ. ಡಾಟ್ 5.1 ಬೇರೆ, ಅದು 3, 4ರ ಜಾತಿಯದ್ದೇ. ಡಬ್ಬಿ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಿ.

ಕುಡ್ಲದ_ಬಿಸಿಲು

ನಮ್ಮ ಕರಾವಳಿಯವರಿಗೆ ಆಯಿಲಿಗಿಂತ ದೊಡ್ಡ ಶತ್ರು ತುಕ್ಕು ಮಾರಾಯ್ರೆ. ಉಪ್ಪು ಗಾಳಿ, ಮೇಲಿಂದ ನಾಲ್ಕು ತಿಂಗಳ ಮಳೆ. ಮಲೆನಾಡಿಗೂ ಅರ್ಧ ಈ ಕಥೆ ಅನ್ವಯ.

ಬಾಗಿಲು ತೆರೆದು ಕೆಳ ಅಂಚಿಗೆ ಕೈ ಹಾಕಿ ನೋಡಿ, ಸಣ್ಣ ಸಣ್ಣ ತೂತುಗಳು ಇರುತ್ತವೆ. ಗಾಜಿನ ಪಕ್ಕದಿಂದ ಒಳಗೆ ಇಳಿದ ಮಳೆನೀರು ಹೊರಗೆ ಹೋಗುವ ದಾರಿ ಅದು. ಮಣ್ಣು, ಎಲೆಚೂರು ಕಟ್ಟಿಕೊಂಡರೆ ನೀರು ಬಾಗಿಲೊಳಗೇ ನಿಲ್ಲುತ್ತೆ. ಬಾಗಿಲು ತೆರೆದಾಗ ಒಳಗೆ "ಗುಳುಗುಳು" ಸದ್ದು ಬಂದರೆ ಅದೇ. ಹಿಡಿಸೂಡಿ ಕಡ್ಡಿ ಸಾಕು ಕ್ಲೀನ್ ಮಾಡೋಕೆ. ಇನ್ನೊಂದು ಜಾಗ ವೈಪರ್ ಬುಡದ ಜಾಲರಿ. ಮರದಡಿ ನಿಲ್ಲಿಸುವವರು ಅಲ್ಲಿಯ ಎಲೆ ತೆಗೆಯದಿದ್ದರೆ ನೀರು ಕಾಲಡಿ ಮ್ಯಾಟ್‌ವರೆಗೂ ಬರಬಹುದು. ಆಮೇಲೆ ಕಾರೊಳಗೆ ಬೂಷ್ಟು, ವಾಸನೆ. ಎಸಿ ಸ್ಯಾನಿಟೈಸಿಂಗ್ ಮಾರುವವರಿಗೆ ಅಲ್ಲೇ ಹಬ್ಬ.

ಮಳೆಗಾಲ ಮುಗಿದ ಮೇಲೆ ಗಾಡಿ ಎತ್ತಿಸಿ ಅಡಿಭಾಗ ತೊಳೆಸಿ, ಒಣಗಿದ ಮೇಲೆ ಟಾರ್ಚ್ ಹಾಕಿ ನೋಡಿ. ತುಕ್ಕಿನ ಮೇಲೆಯೇ ಕಪ್ಪು ಕೋಟಿಂಗ್ ಬಳಿಸಬೇಡಿ, ಒಳಗೆ ತಿನ್ನುವುದು ನಿಲ್ಲಲ್ಲ, ನಿಮಗೆ ಕಾಣಲ್ಲ ಅಷ್ಟೆ.

ಮಿಶಿಗನ್_ಮೈಸೂರಿಗ

ಇಲ್ಲಿ ಸಮುದ್ರ ಇಲ್ಲ, ಆದರೂ ಅದೇ ಗೋಳು. ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಳೆ ಗಾಡಿಗಳ ಬ್ರೇಕ್ ಪೈಪ್ ತುಕ್ಕು ಹಿಡಿದು ತೂತಾಗುತ್ತವೆ. ಚಳಿಗಾಲದಲ್ಲೂ ಅಡಿಭಾಗ ತೊಳೆಸುವುದು ಇಲ್ಲಿ ಮಾಮೂಲಿ.

ಮಲ್ನಾಡ್_ಗೃಹಿಣಿ

ಎಲ್ಲರೂ ಆಯಿಲ್, ತುಕ್ಕು ಅಂತೀರಿ. ಇಲಿ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ನಮ್ಮನೆ ಕಾರಿನ ಬಾನೆಟ್ ಒಳಗೆ ಅರ್ಧ ತಿಂದ ಪೇರಳೆ ಹಣ್ಣು, ಬಟ್ಟೆ ಚೂರು, ಅಡಿಕೆ ಸಿಪ್ಪೆ, ಒಂದು ಸಂಸಾರವೇ ಇತ್ತು. ಇಂಜಿನ್ ಲೈಟ್ ಯಾಕೆ ಬರುತ್ತಿದೆ ಅಂತ ನೋಡಿದರೆ ವೈರ್ ಕಡಿದಿತ್ತು.

ಶರಾವತಿ_ತೀರ

ಮೇಡಂ, ಕೊಟ್ಟಿಗೆ ಪಕ್ಕ ಅಂದೆನಲ್ಲ. ನನಗೆ ಈಗ ಭಯ ಶುರುವಾಯಿತು. ಏನು ಮಾಡಿದಿರಿ?

ಮಲ್ನಾಡ್_ಗೃಹಿಣಿ

ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ನೇತು ಹಾಕಿದೆವು. ಸ್ವಲ್ಪ ದಿನ ಬರಲಿಲ್ಲ, ವಾಸನೆ ಹೋದ ಮೇಲೆ ಮತ್ತೆ ಹಾಜರ್. ನುಸಿಗುಳಿಗೆ ಇಟ್ಟರೆ ಎಸಿ ಹಾಕಿದಾಗ ನಮಗೇ ತಲೆನೋವು. ಕೊನೆಗೆ ಕೆಲಸ ಮಾಡಿದ್ದು ಎರಡೇ: ಶೆಡ್‌ನಿಂದ ಹಿಂಡಿ ಚೀಲ, ಭತ್ತ ಎಲ್ಲ ಬೇರೆ ಕಡೆ ಸಾಗಿಸಿದ್ದು, ಮತ್ತೆ ರಾತ್ರಿ ಬಾನೆಟ್ ಎತ್ತಿ ಇಡುವುದು. ಕತ್ತಲೆ ಬೆಚ್ಚನೆ ಜಾಗ ಸಿಗದಿದ್ದರೆ ಅವು ಅಲ್ಲಿ ಗೂಡು ಕಟ್ಟಲ್ಲ.

ಕೊಪ್ಪದ_ಕಾಫಿ

ಬೆಕ್ಕು ಸಾಕಿ. ಸರ್ವೀಸ್ ಖರ್ಚು ದಿನಕ್ಕೆ ಅರ್ಧ ಲೋಟ ಹಾಲು.

ಗ್ರೀಸ್_ಕೈ

ಬೆಕ್ಕೂ ಬಿಸಿ ಇಂಜಿನ್ ಮೇಲೆ ಮಲಗುತ್ತೆ ಮಾರಾಯ್ರೆ! ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ತಟ್ಟಿ. ತಮಾಷೆಯಲ್ಲ.

ಮಸ್ಕತ್_ಕನ್ನಡಿಗ

ನಿಂತ ಗಾಡಿ ಅಂದರೆ ಬ್ಯಾಟರಿ ವಿಷಯ ಬರಲೇಬೇಕು. ಇಲ್ಲಿನ ಸೆಕೆಗೆ ಬ್ಯಾಟರಿ ಎರಡು ವರ್ಷ ಬಂದರೆ ಪುಣ್ಯ. ರಜೆಗೆ ಊರಿಗೆ ಬರುವಾಗ ನಾವೆಲ್ಲ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟೇ ಬರುವುದು. ವಾರಗಟ್ಟಲೆ ನಿಲ್ಲಿಸುವುದಾದರೆ ಅಪ್ಪನಿಗೂ ಅದನ್ನೇ ಹೇಳಿ. 10 ನಂಬರ್ ಸ್ಪ್ಯಾನರ್ ಸಾಕು.

ಲೆಕ್ಕದ_ಮೇಷ್ಟ್ರು

ಲೆಕ್ಕ ಹಾಕೋಣ. ಗಾಡಿ ಲಾಕ್ ಮಾಡಿ ನಿಲ್ಲಿಸಿದರೂ ಗಡಿಯಾರ, ಅಲಾರಂ, ಕಂಪ್ಯೂಟರ್ ಇವೆಲ್ಲ ಸ್ವಲ್ಪ ಕರೆಂಟ್ ಎಳೆಯುತ್ತಿರುತ್ತವೆ. 30 ಮಿಲಿ ಆಂಪಿಯರ್ ಅಂದುಕೊಳ್ಳಿ. ತಿಂಗಳಿಗೆ 720 ಗಂಟೆ. ಅಲ್ಲಿಗೆ 21 ಆಂಪಿಯರ್ ಅವರ್‌ಗಿಂತ ಜಾಸ್ತಿ. ಸಣ್ಣ ಕಾರಿನ ಬ್ಯಾಟರಿ ಇರುವುದೇ 35ರ ಆಸುಪಾಸು. ಹಳೆಯದಾದರೆ ಅಷ್ಟೂ ಇರಲ್ಲ. ತಿಂಗಳು ಬಿಟ್ಟು ಕೀ ತಿರುಗಿಸಿದರೆ "ಟಿಕ್ ಟಿಕ್" ಅನ್ನದೆ ಇನ್ನೇನು ಮಾಡುತ್ತೆ?

ಮಲ್ಟಿಮೀಟರ್ ಇದ್ದರೆ ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ. 12ರ ಹತ್ತಿರ ಇಳಿದಿದ್ದರೆ ಖಾಲಿ ಆಗುತ್ತಿದೆ. ಇಂಜಿನ್ ಓಡುವಾಗ ಸುಮಾರು 13.8ರಿಂದ 14.4 ತೋರಿಸಬೇಕು.

ಶರಾವತಿ_ತೀರ

ಅಪ್ಪ ದಿನಾ ಬೆಳಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾರೆ. ಅದು ಸಾಲಲ್ವಾ?

ಗ್ರೀಸ್_ಕೈ

ಅದು ಎಲ್ಲಕ್ಕಿಂತ ಕೆಟ್ಟದ್ದು. ತಣ್ಣಗಿನ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತೆ, ಬಿಸಿಯಾಗುವಷ್ಟರಲ್ಲಿ ಆಫ್. ಮೇಲೆ ಹೇಳಿದ ನೀರಿನ ಕಥೆ ದಿನಾ ನಡೆಯುತ್ತೆ, ಬ್ಯಾಟರಿಯೂ ತುಂಬಲ್ಲ. ಬದಲಿಗೆ ವಾರಕ್ಕೊಮ್ಮೆ ಅಮ್ಮನನ್ನೂ ಕೂರಿಸಿಕೊಂಡು ಅರ್ಧ ಮುಕ್ಕಾಲು ಗಂಟೆ ದೂರ ಹೋಗಿ ಬರಲಿ. ಮಳೆ ಇದ್ದರೂ ಎಸಿ ಹಾಕಲಿ. ಎಸಿ ಗ್ಯಾಸ್ ಜೊತೆ ಸುತ್ತುವ ಆಯಿಲೇ ಕಂಪ್ರೆಸರ್ ಸೀಲ್‌ಗಳನ್ನು ಒಣಗದಂತೆ ಇಡುವುದು. ಗಾಜಿನ ಮಂಜೂ ಹೋಗುತ್ತೆ.

ಆಗುಂಬೆ_ತಿರುವು

ಅದಕ್ಕೆ ಒಳ್ಳೆ ದಾರಿ ಇದೆಯಲ್ಲ ಈಗ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಓಪನ್ ಆಯಿತು. ಗಾಡಿ ದಾಟಿಸುವ ಲಾಂಚ್‌ಗೆ (ದೋಣಿಗೆ) ಕಾಯುವ ಕೆಲಸ ಇಲ್ಲ. ಅಪ್ಪ ಅಮ್ಮ ದೇವಿ ದರ್ಶನ ಮಾಡಿ ಬರಲಿ, ಗಾಡಿಗೂ ವ್ಯಾಯಾಮ.

ಹಳೇ_ಸ್ಟೇರಿಂಗ್

ಲಾಂಚಿನ ಮೇಲೆ ಕಾರು ಹತ್ತಿಸುವ ಮಜವೇ ಬೇರೆ ಇತ್ತು. ಬಸ್ಸು, ಜೀಪು, ಜನ, ಎಲ್ಲ ಒಟ್ಟಿಗೆ ಹಿನ್ನೀರಿನ ಮೇಲೆ. ಸೇತುವೆ ಮೇಲೆ ಏನಿದೆ, ಸೆಲ್ಫಿ ತೆಗೆಯುವವರನ್ನು ತಪ್ಪಿಸಿಕೊಂಡು ಹೋಗಬೇಕು.

ಜವಾರಿ_ಹುಬ್ಬಳ್ಳಿ

ದಾರಿ ತಪ್ಪಬ್ಯಾಡ್ರಿ. ಏರ್ ಫಿಲ್ಟರ್ ಬದಲಾಯಿಸಬೇಕೋ ಬ್ಯಾಡೋ ಹೇಳ್ರಿ. ನಮ್ಮ ಕಡೆ ಧೂಳಿಗೆ ಒಂದು ಬೇಸಿಗೆಯಾಗ ಫಿಲ್ಟರ್ ಮಣ್ಣಿನ ಬಣ್ಣಕ್ಕೆ ತಿರುಗತದ. ಸಾಗರದ ಹಸಿರಾಗ ಅದು ಬಿಳೀನೇ ಇರಬೇಕಲ್ಲ?

ಹಳೆ_ಅಡ್ವೈಸರ್

ಸರಿಯಾಗಿ ಹೇಳಿದಿರಿ. ಅದು ನೋಡಿ ನಿರ್ಧರಿಸುವ ಪಾರ್ಟ್. ಹೆಚ್ಚಿನ ಗಾಡಿಗಳಲ್ಲಿ ಕ್ಲಿಪ್ ತೆಗೆದರೆ ಫಿಲ್ಟರ್ ಕೈಗೇ ಬರುತ್ತೆ. ಬೆಳಕಿಗೆ ಹಿಡಿದು ನೋಡಿ. ಗಾಳಿ ಹೊಡೆಸುವುದಾದರೆ ಒಳಗಿನಿಂದ ಹೊರಗೆ ಹೊಡೆಸಬೇಕು, ಹೊರಗಿನಿಂದ ಹೊಡೆದರೆ ಧೂಳು ಇನ್ನೂ ಒಳಗೆ ಸೇರುತ್ತೆ. ಎಸಿ ಫಿಲ್ಟರ್ ಹೆಚ್ಚಾಗಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತೆ. ಆನ್‌ಲೈನ್‌ನಲ್ಲಿ ತರಿಸಿ ನೀವೇ ಹಾಕಿ, ಬಾಣದ ಗುರುತು ಯಾವ ಕಡೆ ಅಂತ ನೋಡಿಕೊಳ್ಳಿ. ಆದರೆ ಮೊದಲು ಇಲಿ ಗೂಡು ಇದೆಯಾ ನೋಡಿ, ಈ ಎರಡೂ ಅವುಗಳಿಗೆ ಇಷ್ಟವಾದ ಜಾಗ.

ರೇಸರ್_ಗುರು

ಟೈರ್‌ಗೆ ಗಾಳಿ ಎಷ್ಟು ಅಂತ ಟೈರ್ ಮೇಲೇ ಬರೆದಿರುತ್ತೆ, ಅಷ್ಟು ಹಾಕಿಸಿ. ನೈಟ್ರೋಜನ್ ಆದ್ರೆ ಇನ್ನೂ ಸೂಪರ್.

ಲೆಕ್ಕದ_ಮೇಷ್ಟ್ರು

ಎರಡೂ ತಪ್ಪು ಗುರು. ಟೈರ್ ಮೇಲೆ ಬರೆದಿರುವುದು ಆ ಟೈರ್ ತಡೆಯುವ ಗರಿಷ್ಠ ಒತ್ತಡ. ನಿಮ್ಮ ಕಾರಿಗೆ ಎಷ್ಟು ಬೇಕು ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿ ಇರುತ್ತೆ. ಟೈರ್ ತಣ್ಣಗಿರುವಾಗ ನೋಡಬೇಕು. ನಾವು ಉಸಿರಾಡುವ ಗಾಳಿಯಲ್ಲಿ 78 ಭಾಗ ನೈಟ್ರೋಜನ್ ಹೇಗೂ ಇದೆ. ದುಡ್ಡು ಕೊಟ್ಟು ಉಳಿದ 22 ತೆಗೆಸುವುದಕ್ಕಿಂತ ತಿಂಗಳಿಗೊಮ್ಮೆ ಮಾಮೂಲಿ ಗಾಳಿ ನೋಡಿಸಿದರೆ ಸಾಕು.

ಈ ಕಾರಿನ ವಿಷಯದಲ್ಲಿ ಟೈರಿನ ಸವೆತಕ್ಕಿಂತ ವಯಸ್ಸು ಮುಖ್ಯ. ಟೈರ್ ಪಕ್ಕದಲ್ಲಿ DOT ಅಂತ ಶುರುವಾಗುವ ಕೋಡ್‌ನ ಕೊನೆಗೆ ನಾಲ್ಕು ಅಂಕಿ ಇರುತ್ತೆ. 3718 ಅಂದರೆ 2018ರ 37ನೇ ವಾರ ತಯಾರಾದದ್ದು. ಟೈರ್ ಮೇಲಿನ ಗೀರು (ಗುಂಡಿ) ಎಷ್ಟೇ ಆಳ ಇದ್ದರೂ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಘಾಟಿಗೆ ಹೋಗುವ ಮೊದಲು ಟೈರ್ ಅಂಗಡಿಯವರಿಗೆ ತೋರಿಸಿ. ಗುಂಡಿಯ ಆಳ 1.6 ಮಿಲಿಮೀಟರ್‌ಗೆ ಬಂದರೆ ಕಾನೂನಿನ ಪ್ರಕಾರವೂ ಬದಲಾಯಿಸಲೇಬೇಕು.

ರೇಸರ್_ಗುರು

ಸರಿ ಸಾರ್. ನಾನು ಇನ್ನು ಮಾತಾಡಲ್ಲ.

ಕೊಪ್ಪದ_ಕಾಫಿ

ಮಾತಾಡು ಗುರು, ನೀನು ಹೇಳಿದ್ದಕ್ಕೇ ಮೇಷ್ಟ್ರು ಪಾಠ ಮಾಡೋದು.

ಪೆಟ್ರೋಲ್_ಬಂಕ್_ಪಕ್ಕ

2018ರ ಗಾಡಿ ಅಂದರೆ ಇ20ಗೆ (20% ಎಥನಾಲ್ ಬೆರೆಸಿದ ಪೆಟ್ರೋಲ್) ತಯಾರಾದದ್ದಲ್ಲ. ಈಗ ಬಂಕ್‌ನಲ್ಲಿ ಸಿಗುವುದೇ ಅದು. ರಬ್ಬರ್ ಪೈಪ್‌ಗಳ ಗತಿ ಏನು? ಮೈಲೇಜ್ ಬಿದ್ದದ್ದಕ್ಕೆ ಯಾರು ಹೊಣೆ?

ಸಿಲ್ಕ್‌ಬೋರ್ಡ್_ಸಂತ್ರಸ್ತೆ

ಇ20ಗೆ ಹೊಂದುವ ಪಾರ್ಟ್‌ಗಳೊಂದಿಗೆ ಗಾಡಿಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಹಳೆ ಗಾಡಿಗೆ ಸ್ವಲ್ಪ ಮೈಲೇಜ್ ಕಮ್ಮಿ ಆಗುತ್ತೆ ಅಂತ ಸರ್ಕಾರವೇ ಒಪ್ಪಿದೆ. ಎಷ್ಟು ಅನ್ನುವುದಕ್ಕೆ ತಾನೇ ಜಗಳ.

ಗ್ರೀಸ್_ಕೈ

ನಿಂತ ಗಾಡಿಯವರಿಗೆ ನನ್ನ ಸಲಹೆ ಇಷ್ಟೆ. ಎಥನಾಲ್ ನೀರು ಎಳೆದುಕೊಳ್ಳುತ್ತೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಟ್ಟು ಮಳೆಗಾಲ ಪೂರ್ತಿ ನಿಲ್ಲಿಸಬೇಡಿ, ಖಾಲಿ ಜಾಗ ಜಾಸ್ತಿ ಇದ್ದಷ್ಟೂ ತೇವದ ಗಾಳಿ ಜಾಸ್ತಿ. ಸರ್ವೀಸ್‌ಗೆ ಬಿಟ್ಟಾಗ ಫ್ಯೂಯೆಲ್ ಪೈಪ್, ಕ್ಲಿಪ್ ಹತ್ತಿರ ಪಸೆ ಇದೆಯಾ ನೋಡಿಸಿ. ಪೆಟ್ರೋಲ್ ವಾಸನೆ ಬಂದರೆ ಅವತ್ತೇ ತೋರಿಸಿ.

ನಿರ್ವಾಹಕ

ಇ20 ರಾಜಕೀಯಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ 400 ಉತ್ತರ ಆಗಿದೆ. ಇಲ್ಲಿ ಗಾಡಿ ಆರೈಕೆ ಮಾತ್ರ. ಕೆಳಗಿನ ಎಂಟು ಬೈಗುಳ ತೆಗೆದಿದ್ದೇನೆ.

ಕುಡ್ಲದ_ಬಿಸಿಲು

ಆಯುಧ ಪೂಜೆ ಬಗ್ಗೆ ಹೇಳಲು ಮರೆತೆ. ವರ್ಷವಿಡೀ ಬಾನೆಟ್ ಎತ್ತದವರು ಹಬ್ಬದ ಹಿಂದಿನ ದಿನ ಇಂಜಿನ್‌ಗೆ ಪ್ರೆಶರ್ ಪಂಪ್ ಹಿಡಿಯುತ್ತಾರೆ. ಆಲ್ಟರ್ನೇಟರ್, ಕಾಯಿಲ್, ಸೆನ್ಸಾರ್ ಕನೆಕ್ಟರ್ ಎಲ್ಲ ನೀರು ಕುಡಿಯುತ್ತವೆ. ಪೂಜೆ ದಿನ ಗಾಡಿ ಸ್ಟಾರ್ಟ್ ಆಗಲ್ಲ, ನಿಂಬೆಹಣ್ಣು ಚಕ್ರದ ಕೆಳಗೆ ಹಾಗೇ ಕೂತಿರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕುಂಬಳಕಾಯಿ ಬೇಕಾದರೆ ದೊಡ್ಡದೇ ಒಡೆಯಿರಿ.

ಮಲ್ನಾಡ್_ಗೃಹಿಣಿ

ಹೂವಿನ ಹಾರವನ್ನೂ ಮುಂದಿನ ಜಾಲರಿಗೆ ಕಟ್ಟಿ ವಾರಗಟ್ಟಲೆ ಬಿಡುತ್ತಾರೆ. ರೇಡಿಯೇಟರ್‌ಗೆ ಗಾಳಿ ಹೋಗಬೇಡವಾ?

ಹಳೇ_ಸ್ಟೇರಿಂಗ್

ರೇಡಿಯೇಟರ್‌ಗೆ ಬಾವಿ ನೀರು ಹಾಕಿದರೆ ಏನಾಗುತ್ತೆ? ನಮ್ಮ ಬಾವಿ ನೀರು ಸಿಹಿಯಾಗಿದೆ.

ಗ್ರೀಸ್_ಕೈ

ಕುಡಿಯೋಕೆ ಸಿಹಿ ಸರ್, ಅಲ್ಯೂಮಿನಿಯಂಗೆ ಅಲ್ಲ. ನೀರಿನಲ್ಲಿರುವ ಲವಣ ಒಳಗೆ ಕಿಟ್ಟ ಕಟ್ಟುತ್ತೆ. ಕೂಲೆಂಟ್ ಅಂದರೆ ಬರೀ ತಣ್ಣಗೆ ಮಾಡುವ ದ್ರವ ಅಲ್ಲ, ತುಕ್ಕು ತಡೆಯುವ ಮದ್ದೂ ಅದರಲ್ಲೇ ಇರುತ್ತೆ. ದಾರಿಯಲ್ಲಿ ಬೇರೆ ಗತಿ ಇಲ್ಲದಾಗ ನೀರು ಹಾಕಿ, ಊರಿಗೆ ಬಂದ ಮೇಲೆ ಬದಲಾಯಿಸಿ. ಬಣ್ಣ ನೋಡಿ ಬೆರೆಸಬೇಡಿ, ಹಸಿರು ಹಸಿರು ಎಲ್ಲ ಒಂದೇ ಅಲ್ಲ. ಇಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ, ಮುಖಕ್ಕೆ ಎರಚುತ್ತೆ.

ಶರಾವತಿ_ತೀರ

ವಿಷಯ ಎಲ್ಲಿಗೆ ಬಂತು ಹೇಳುತ್ತೇನೆ. ವಿಡಿಯೊ ಕಾಲ್‌ನಲ್ಲಿ ಅಪ್ಪ ಆಯಿಲ್ ಮುಚ್ಚಳ ತೆಗೆದರು. ಬಿಳಿ ಲೇಪ ಇತ್ತು. ಅದನ್ನು ಬೆರಳಲ್ಲಿ ಒರೆಸಿ ಮೂಸಿ ನೋಡಿದರು, ಏನೂ ಮಾತಾಡಲಿಲ್ಲ. ಮರುದಿನ ತಾವೇ ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿದ್ದಾರೆ.

ಆಯಿಲ್, ಆಯಿಲ್ ಫಿಲ್ಟರ್, ಬ್ರೇಕ್ ಆಯಿಲ್, ಬ್ರೇಕ್ ಬಿಚ್ಚಿ ಕ್ಲೀನ್ ಮಾಡಿ ಗ್ರೀಸ್ ಹಾಕುವುದು, ಇಷ್ಟಕ್ಕೆ ಒಪ್ಪಿ ಉಳಿದದ್ದೆಲ್ಲ ಹೊಡೆದು ಹಾಕಿಸಿದರು. 6,900ಕ್ಕೆ ಬಂತು. ಹಿಂದಿನ ಬ್ರೇಕ್ ಡ್ರಮ್‌ನಲ್ಲಿ ತುಕ್ಕು ಇತ್ತಂತೆ, ಹ್ಯಾಂಡ್‌ಬ್ರೇಕ್ ಹಿಡಿದುಕೊಳ್ಳುತ್ತಿತ್ತು. ಟೈರ್ ಕೋಡ್ ನೋಡಿದೆ, 2018ರದ್ದೇ. ಬಿರುಕು ಶುರುವಾಗಿದೆ. ಅದನ್ನು ಸಾಗರದ ಟೈರ್ ಅಂಗಡಿಯಲ್ಲಿ ಹಾಕಿಸುತ್ತೇವೆ.

ಗ್ರೀಸ್_ಕೈ

ಒಳ್ಳೇದಾಯಿತು. ಮಳೆಗಾಲದಲ್ಲಿ ಶೆಡ್‌ನಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ನೆಲ ಸಮ ಇದ್ದರೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಿ. ಗೇರಿನಲ್ಲಿದೆ ಅಂತ ನೆನಪಿಟ್ಟು ಕ್ಲಚ್ ಒತ್ತಿಯೇ ಸ್ಟಾರ್ಟ್ ಮಾಡಲಿ. ಕಲ್ಲು ತೆಗೆಯುವುದನ್ನೂ ಮರೆಯದಿರಲಿ.

ಹಳೆ_ಅಡ್ವೈಸರ್

ಬಿಲ್ ಎಲ್ಲ ಒಂದು ಫೈಲ್‌ನಲ್ಲಿ ಇಡಿ. ನಾಳೆ ಮಾರುವಾಗ "ಕಮ್ಮಿ ಓಡಿದೆ" ಅನ್ನುವ ಮಾತಿಗೆ ಅದೇ ಸಾಕ್ಷಿ. ಬಿಲ್ ಇಲ್ಲದ 27 ಸಾವಿರ ಕಿಮೀ ಮೀಟರ್ ಅಂದರೆ ಕೊಳ್ಳುವವರು ತಿರುಗಿಸಿದ್ದಾರೆ ಅಂತಲೇ ಅಂದುಕೊಳ್ಳುತ್ತಾರೆ.

ಜವಾರಿ_ಹುಬ್ಬಳ್ಳಿ

ಅರ್ಧಕ್ಕರ್ಧ ಉಳೀತಲ್ಲ! ನಾ ಮೊದಲೇ ಹೇಳಿದ್ದೆ, ದುಡ್ಡು ಉಳಿಸ್ರಿ ಅಂತ.

ಸಿಲ್ಕ್‌ಬೋರ್ಡ್_ಸಂತ್ರಸ್ತೆ

ನೀವು ಹೇಳಿದ್ದು ಸರ್ವೀಸೇ ಬೇಡ ಅಂತ. ಮೇಲೆ ಹೋಗಿ ಓದಿ ಸರ್ 😄

ದಾವಣಗೆರೆ_ಬೆಣ್ಣೆ

ತಡವಾಗಿ ಬಂದೆ. ನಮ್ಮದು ಸಿಎನ್‌ಜಿ ಗಾಡಿ, ಎಲ್ಲ ಸರ್ವೀಸ್ ಸರಿಯಾಗಿ ಮಾಡಿಸಿದ್ದೇನೆ. ಆದರೂ ಮೊನ್ನೆ ಬಂಕ್‌ನಲ್ಲಿ ಗ್ಯಾಸ್ ತುಂಬಿಸಲ್ಲ ಅಂದರು. ಸಿಲಿಂಡರ್ ಟೆಸ್ಟ್ ತಾರೀಕು ಮುಗಿದಿದೆಯಂತೆ. ಇದು ಸರ್ವೀಸ್‌ನಲ್ಲೇ ಸೇರಿರಲ್ವಾ?

ಹಳೆ_ಅಡ್ವೈಸರ್

ಇಲ್ಲ, ಅದು ಬೇರೆ. ಸಿಎನ್‌ಜಿ ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಕಡ್ಡಾಯ. ಸಿಲಿಂಡರ್ ಬಿಚ್ಚಿ, ನೀರು ತುಂಬಿ ಒತ್ತಡ ಕೊಟ್ಟು ನೋಡುತ್ತಾರೆ. ಅನುಮತಿ ಇರುವ ಕೇಂದ್ರದಲ್ಲೇ ಮಾಡಿಸಬೇಕು. ಗಾಡಿಯಲ್ಲಿ ಒಂದು ಲೋಹದ ತಟ್ಟೆ ಅಂಟಿಸಿರುತ್ತಾರೆ, ಮುಂದಿನ ತಾರೀಕು ಅದರಲ್ಲೇ ಇರುತ್ತೆ. ಬಂಕ್‌ನವರು ನೋಡಿದ್ದೂ ಅದನ್ನೇ.

ದಾವಣಗೆರೆ_ಬೆಣ್ಣೆ

ದಾವಣಗೆರೆಯಲ್ಲಿ ಎಲ್ಲಿ ಮಾಡುತ್ತಾರೆ? ಹುಬ್ಬಳ್ಳಿಗೇ ಹೋಗಬೇಕಾ?

ನಿರ್ವಾಹಕ

ಇದಕ್ಕೆ ಹೊಸ ಚರ್ಚೆ ಶುರು ಮಾಡಿ, ಊರಿನ ಹೆಸರು ಶೀರ್ಷಿಕೆಯಲ್ಲೇ ಹಾಕಿ. ಆ ಕಡೆಯವರು ನೋಡಿ ಉತ್ತರ ಕೊಡುತ್ತಾರೆ.